ಸರ್ವಾಧಿಕಾರಿಗೆ ಬೇಕಾಗುವ ಇಂಜಿನಿಯರ್, ಡಾಕ್ಟರ್, ಗುಮಾಸ್ತ

ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ‘ಬಿಗ್ ಬ್ರದರ್’. ನಮ್ಮ ಭಾಷಣ ಸ್ಪರ್ಧೆಗಳಲ್ಲೂ ಅಷ್ಟೇ. ಸಿಸಿಟಿವಿ ಕ್ಯಾಮೆರಾ, ಮೊಬೈಲ್ ಫೋನ್, ಯಾರೋ ನಮ್ಮನ್ನು ನೋಡುತ್ತಿದ್ದಾರೆ ಎಂಬ ಭಯ, ಇಷ್ಟನ್ನು ಹೇಳಿ ಕೊನೆಗೆ ಆರ್ವೆಲ್ ಹೆಸರು ಸೇರಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಇಡೀ ಕಾದಂಬರಿಯಲ್ಲಿ ಬಿಗ್ ಬ್ರದರ್ ಒಂದು ಸಲವೂ ಎದುರಿಗೆ ಬರುವುದಿಲ್ಲ. ಅಂಥವನೊಬ್ಬ ನಿಜವಾಗಿ ಇದ್ದಾನೋ ಇಲ್ಲವೋ ಎಂಬುದೇ ಸ್ಪಷ್ಟವಿಲ್ಲ. ಪುಟಪುಟದಲ್ಲೂ ಇರುವವನು ವಿನ್‌ಸ್ಟನ್ ಸ್ಮಿತ್, ಸರಕಾರಿ ಇಲಾಖೆಯೊಂದರ ಸಾಧಾರಣ ನೌಕರ.

ಇದೇ ಬಗೆಯ ಬೇರೆ ಕಾದಂಬರಿಗಳನ್ನು ತೆಗೆದು ನೋಡಿ. ರಷ್ಯಾದ ಯೆವ್ಗೆನಿ ಝಮ್ಯಾತಿನ್ ಅವರ ‘ವಿ’, ಅಂದರೆ ‘ನಾವು’, ಅದರ ನಾಯಕ ಒಬ್ಬ ಇಂಜಿನಿಯರ್. ಅಮೆರಿಕದ ರೇ ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ರ ನಾಯಕ ಅಗ್ನಿಶಾಮಕ ದಳದವನು. ಈಜಿಪ್ಟಿನ ಬಸ್ಮಾ ಅಬ್ದುಲ್ ಅಝೀಝ್ ಅವರ ‘ದಿ ಕ್ಯೂ’ ಕಾದಂಬರಿಯ ಮುಖ್ಯ ಪಾತ್ರಗಳಲ್ಲಿ ಒಬ್ಬ ಆಸ್ಪತ್ರೆಯ ಡಾಕ್ಟರ್. ಇವರಲ್ಲಿ ಯಾರೂ ಸರ್ವಾಧಿಕಾರಿಗಳಲ್ಲ. ಕಥೆ ಶುರುವಾಗುವಾಗ ಯಾರೂ ಬಂಡಾಯಗಾರರೂ ಅಲ್ಲ. ಕೆಲಸ ಕಲಿತವರು, ಕೆಲಸಕ್ಕೆ ಸೇರಿದವರು, ಮೇಲಿನವರು ಹೇಳಿದ್ದನ್ನು ಸರಿಯಾಗಿ ಮಾಡಿ ಮುಗಿಸುವವರು. ಈ ಪುಸ್ತಕಗಳ ಎಚ್ಚರಿಕೆ ರಾಜಕಾರಣಿಗಳಿಗಿಂತ ಹೆಚ್ಚಾಗಿ ನಮಗೆ, ಸಿಇಟಿಗೂ ನೀಟ್‌ಗೂ ಸಿಎಗೂ ಬ್ಯಾಂಕ್ ಪರೀಕ್ಷೆಗೂ ತಯಾರಾಗುತ್ತಿರುವ ನಮ್ಮಂಥವರಿಗೆ ಸಂಬಂಧಿಸಿದ್ದು ಎಂದು ನನಗೆ ಅನಿಸುತ್ತದೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಪದದ ಬಗ್ಗೆ ಒಂದು ಮಾತು. ಎಲ್ಲವೂ ಚೆನ್ನಾಗಿರುವ ಕಲ್ಪನೆಯ ನಾಡು ‘ಯುಟೋಪಿಯಾ’ ಆದರೆ, ಅದರ ತಲೆಕೆಳಗಾದ ರೂಪ ‘ಡಿಸ್ಟೋಪಿಯಾ’. ಇಂಥ ಕಥೆಗಳಲ್ಲಿ ಬರುವ ಆಡಳಿತ ಸಾಮಾನ್ಯ ದಬ್ಬಾಳಿಕೆಗಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಹಳೆಯ ಕಾಲದ ಕ್ರೂರ ರಾಜನಿಗೆ ತೆರಿಗೆ ಕೊಟ್ಟು, ತಲೆ ಬಾಗಿಸಿ ಮನೆಗೆ ಬಂದರೆ ಆಮೇಲೆ ನಿಮ್ಮ ಪಾಡಿಗೆ ನೀವು ಇರಬಹುದಿತ್ತು. ಇಲ್ಲಿ ಹಾಗಲ್ಲ. ನಿಮ್ಮ ಮನೆ, ಮಾತು, ಮದುವೆ, ನೆನಪು, ಕೊನೆಗೆ ಕನಸು ಕೂಡ ಸರಕಾರದ್ದೇ ಆಗಬೇಕು. ಇದಕ್ಕೆ ಒಬ್ಬ ರಾಜನೂ ಒಂದು ಸೈನ್ಯವೂ ಸಾಲುವುದಿಲ್ಲ. ಲೆಕ್ಕ ಬರೆಯುವವರು, ನಕ್ಷೆ ಮಾಡುವವರು, ಸುದ್ದಿ ತಿದ್ದುವವರು, ಚೀಟಿ ಕೊಡುವವರು, ಬಾಗಿಲು ಕಾಯುವವರು, ಹೀಗೆ ಸಾವಿರಾರು ಕೈಗಳು ಬೇಕು. ಹಾಗಾಗಿಯೇ ಕಾದಂಬರಿಕಾರರು ಆ ಕೈಗಳ ಹತ್ತಿರ ಹೋಗಿ ನಿಂತು ನೋಡಿದರು.

ಝಮ್ಯಾತಿನ್ ಸ್ವತಃ ಹಡಗು ಕಟ್ಟುವ ಇಂಜಿನಿಯರ್ ಆಗಿದ್ದರು. 1916-17ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದು, ರಷ್ಯಾಕ್ಕಾಗಿ ಮಂಜುಗಡ್ಡೆ ಒಡೆಯುವ ಹಡಗುಗಳ ನಿರ್ಮಾಣವನ್ನು ನೋಡಿಕೊಂಡವರು. ಯೌವನದಲ್ಲಿ ಬೋಲ್ಶೆವಿಕ್ ಪಕ್ಷದಲ್ಲಿದ್ದು ಝಾರ್ ದೊರೆಯ ಕಾಲದಲ್ಲಿ ಜೈಲಿಗೂ ಹೋಗಿದ್ದರು. ಅಂದರೆ ಕ್ರಾಂತಿಯ ಶತ್ರುವಾಗಿ ಬರೆದವರಲ್ಲ, ಕ್ರಾಂತಿಯನ್ನು ಒಳಗಿನಿಂದ ಕಂಡವರು. 1920-21ರಲ್ಲಿ ಬರೆದ ‘ವಿ’ಯನ್ನು ಪ್ರಕಟಿಸಲು ಸೋವಿಯತ್ ಸರಕಾರ ಬಿಡಲಿಲ್ಲ. ಅದು ಮೊದಲು ಪುಸ್ತಕವಾಗಿ ಬಂದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಅವರ ಸ್ವಂತ ದೇಶದ ಓದುಗರ ಕೈಗೆ ಸಿಗಲು 1988ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಲೇಖಕರು ತೀರಿಹೋಗಿ 51 ವರ್ಷ ಕಳೆದಿತ್ತು.

ಆ ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ನಂಬರುಗಳಿವೆ. ಮನೆಗಳು ಗಾಜಿನವು. ಪರದೆ ಎಳೆಯಲು ಅನುಮತಿ ಚೀಟಿ ಬೇಕು. ಎಲ್ಲರೂ ಒಂದೇ ಗಂಟೆಗೆ ಏಳಬೇಕು, ಒಂದೇ ಗಂಟೆಗೆ ಉಣ್ಣಬೇಕು, ಒಂದೇ ಗಂಟೆಗೆ ಮಲಗಬೇಕು. ಕಥೆ ಹೇಳುವವನು ಡಿ-503. ಬೇರೆ ಗ್ರಹಗಳಿಗೂ ಈ ವ್ಯವಸ್ಥೆಯನ್ನು ಹರಡಲು ಹೊರಟಿರುವ ರಾಕೆಟ್ಟಿನ ಮುಖ್ಯ ಇಂಜಿನಿಯರ್ ಅವನೇ. ಗಣಿತ ಎಂದರೆ ಅವನಿಗೆ ಪ್ರಾಣ. ಅವನನ್ನು ಶಾಲಾ ದಿನಗಳಿಂದಲೂ ಕಾಡಿದ ಒಂದೇ ಒಂದು ವಿಷಯವೆಂದರೆ ಮೈನಸ್ ಒಂದರ ವರ್ಗಮೂಲ. ಫಸ್ಟ್ ಪಿಯುಸಿಯಲ್ಲಿ ಕಾಂಪ್ಲೆಕ್ಸ್ ನಂಬರ್ ಪಾಠ ಶುರುವಾದಾಗ ನಮ್ಮಲ್ಲಿ ಹಲವರಿಗೂ ತಲೆ ಬಿಸಿಯಾಗಿತ್ತು. ಆದರೆ ಡಿ-503ರ ಭಯ ಬೇರೆಯದು. ಎಲ್ಲವೂ ಲೆಕ್ಕಕ್ಕೆ ಸಿಗಬೇಕಾದ ಲೋಕದಲ್ಲಿ ಲೆಕ್ಕದ ಒಳಗೇ ಹಿಡಿತಕ್ಕೆ ಸಿಗದ ಏನೋ ಒಂದು ಕುಳಿತಿದೆ ಎಂಬ ಭಯ ಅದು.

ಈ ಪುಸ್ತಕದಲ್ಲಿ ನನ್ನನ್ನು ಅತಿಯಾಗಿ ತಟ್ಟಿದ್ದು ಒಂದು ಸಣ್ಣ ಘಟನೆ. ರಾಕೆಟ್ಟಿನ ಇಂಜಿನ್ ಪರೀಕ್ಷೆ ನಡೆಯುವಾಗ ಸುಮಾರು ಹತ್ತು ಕಾರ್ಮಿಕರು ಅದರ ಬೆಂಕಿಗೆ ಸಿಕ್ಕಿ ಬೂದಿಯಾಗುತ್ತಾರೆ. ಕೆಲಸ ಒಂದು ಕ್ಷಣವೂ ನಿಲ್ಲುವುದಿಲ್ಲ. ಇಂಜಿನಿಯರ್ ಅದನ್ನು ಹೆಮ್ಮೆಯಿಂದ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ದೇಶದ ಒಟ್ಟು ಜನಸಂಖ್ಯೆಯಲ್ಲಿ ಹತ್ತು ಮಂದಿ ಎಂದರೆ ಎಷ್ಟು ಚಿಕ್ಕ ಭಾಗ ಎಂದು ಲೆಕ್ಕ ಹಾಕಿ ಸಮಾಧಾನಪಡುತ್ತಾನೆ. ಆ ಲೆಕ್ಕದಲ್ಲಿ ಗಣಿತದ ತಪ್ಪು ಏನೂ ಇಲ್ಲ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಬುದ್ಧಿವಂತನೊಬ್ಬ ತನ್ನ ಬುದ್ಧಿಯಿಂದಲೇ ಹೇಗೆ ಕುರುಡಾಗುತ್ತಾನೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

1931ರಲ್ಲಿ ಝಮ್ಯಾತಿನ್ ದೇಶ ಬಿಟ್ಟು ಹೋಗಲು ಅನುಮತಿ ಕೇಳಿ ಸ್ಟಾಲಿನ್‌ಗೇ ಪತ್ರ ಬರೆದರು. ಆಶ್ಚರ್ಯವೆಂದರೆ ಅನುಮತಿ ಸಿಕ್ಕಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಪುಸ್ತಕದ ಬಗ್ಗೆ 1946ರಲ್ಲಿ ಲಂಡನ್ನಿನ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ವಿಮರ್ಶೆ ಬರೆದವರು ಜಾರ್ಜ್ ಆರ್ವೆಲ್.

ಆರ್ವೆಲ್ ಹುಟ್ಟಿದ್ದು ನಮ್ಮ ದೇಶದಲ್ಲೇ. ಈಗಿನ ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ತಂದೆ ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯ ಅಧಿಕಾರಿ. ಮಗ 1922ರಿಂದ ಐದು ವರ್ಷ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಸಾಮ್ರಾಜ್ಯದ ಕೆಲಸ ತನ್ನಿಂದಾಗದು ಎಂದು ಬಿಟ್ಟು ಬಂದವರು. ಎರಡನೇ ಮಹಾಯುದ್ಧದ ಸಮಯದಲ್ಲಿ, 1941ರಿಂದ 43ರವರೆಗೆ, ಬಿಬಿಸಿಯಲ್ಲಿ ಕುಳಿತು ಭಾರತದ ಕೇಳುಗರಿಗಾಗಿ ಕಾರ್ಯಕ್ರಮಗಳನ್ನು ತಯಾರಿಸಿದರು. ಅವರ ಹೆಂಡತಿ ಐಲೀನ್ ಕೂಡ ಅದೇ ಯುದ್ಧಕಾಲದಲ್ಲಿ ಬ್ರಿಟಿಷ್ ಸರಕಾರದ ಸೆನ್ಸಾರ್ ವಿಭಾಗದಲ್ಲಿ ಕೆಲಸ ಮಾಡಿದ್ದರು. ಸರಕಾರಿ ಕಚೇರಿಯ ಕಾರಿಡಾರುಗಳು, ಕ್ಯಾಂಟೀನಿನ ಊಟ, ತಿದ್ದಿ ತಿದ್ದಿ ಅಚ್ಚಿಗೆ ಹೋಗುವ ಸುದ್ದಿ, ಇವೆಲ್ಲ ಆರ್ವೆಲ್ ಊಹೆ ಮಾಡಿ ಬರೆದದ್ದಲ್ಲ.

1949ರ ಜೂನ್‌ನಲ್ಲಿ ‘1984’ ಪ್ರಕಟವಾಯಿತು. ಮುಂದಿನ ಜನವರಿಯಲ್ಲಿ ಆರ್ವೆಲ್ ಕ್ಷಯರೋಗದಿಂದ ತೀರಿಕೊಂಡರು. ಕಾದಂಬರಿಯಲ್ಲಿ ವಿನ್‌ಸ್ಟನ್‌ನ ಕೆಲಸ ಏನು? ‘ಸತ್ಯ ಸಚಿವಾಲಯ’ದಲ್ಲಿ ಕುಳಿತು ಹಳೆಯ ಪತ್ರಿಕೆಗಳನ್ನು ತಿದ್ದುವುದು. ಈ ವರ್ಷ ಚಾಕಲೇಟ್ ರೇಷನ್ ಕಡಿಮೆಯಾಗದು ಎಂದು ಸರಕಾರ ಮಾತು ಕೊಟ್ಟಿತ್ತು. ಈಗ 30 ಗ್ರಾಮಿನಿಂದ 20 ಗ್ರಾಮಿಗೆ ಇಳಿಸಬೇಕಾಗಿದೆ. ಸರಿ, ಹಳೆಯ ಪತ್ರಿಕೆಯಲ್ಲಿ ಆ ಮಾತನ್ನೇ ಬದಲಾಯಿಸಿದರಾಯಿತು. ಮಾರನೆಯ ದಿನ, ರೇಷನ್ ಅನ್ನು 20 ಗ್ರಾಮಿಗೆ ‘ಏರಿಸಿದ್ದಕ್ಕಾಗಿ’ ಜನ ಮೆರವಣಿಗೆ ಮಾಡಿ ಬಿಗ್ ಬ್ರದರ್‌ಗೆ ಧನ್ಯವಾದ ಹೇಳಿದರು ಎಂಬ ಸುದ್ದಿ ಪರದೆಯಲ್ಲಿ ಬರುತ್ತದೆ. ವಿನ್‌ಸ್ಟನ್ ಸುತ್ತಲೂ ನೋಡುತ್ತಾನೆ. ಕ್ಯಾಂಟೀನಿನಲ್ಲಿ ಕುಳಿತ ಯಾರ ಮುಖದಲ್ಲೂ ಅನುಮಾನವಿಲ್ಲ.

ಇಷ್ಟನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ವಿನ್‌ಸ್ಟನ್‌ಗೆ ಆ ಕೆಲಸ ಇಷ್ಟ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅವನು ಪಕ್ಷವನ್ನು ಒಳಗೊಳಗೇ ದ್ವೇಷಿಸುತ್ತಾನೆ. ಆದರೂ ಕಷ್ಟದ ಫೈಲ್ ಒಂದು ಬಂದರೆ ಗಣಿತದ ಸಮಸ್ಯೆ ಬಿಡಿಸುವವನ ಹಾಗೆ ಅದರಲ್ಲಿ ಮುಳುಗಿಹೋಗುತ್ತಾನೆ. ಇಲ್ಲದ ವೀರಸೈನಿಕನೊಬ್ಬನನ್ನು ಕಲ್ಪಿಸಿ, ಅವನ ಹುಟ್ಟು, ಬಾಲ್ಯ, ಸಾವು ಎಲ್ಲವನ್ನೂ ಅಂದವಾಗಿ ಬರೆದು ಮುಗಿಸಿದಾಗ ಅವನಿಗೆ ಒಂದು ಬಗೆಯ ತೃಪ್ತಿ. ಪಕ್ಕದ ವಿಭಾಗದ ಸೈಮ್ ಇನ್ನೂ ಜಾಣ. ಅವನು ನಿಘಂಟು ಮಾಡುವವನು. ಆದರೆ ಆ ನಿಘಂಟು ಪ್ರತಿ ಆವೃತ್ತಿಗೂ ತೆಳ್ಳಗಾಗುತ್ತದೆ, ಏಕೆಂದರೆ ಪದಗಳನ್ನು ಕೊಲ್ಲುವುದೇ ಅವನ ಕೆಲಸ. ಅನ್ಯಾಯ ಎಂದು ಹೇಳಲು ಪದವೇ ಇಲ್ಲದಿದ್ದರೆ ಅನ್ಯಾಯದ ಬಗ್ಗೆ ಯೋಚಿಸುವುದು ಹೇಗೆ? ಸೈಮ್ ಇದನ್ನು ಊಟದ ತಟ್ಟೆಯ ಮುಂದೆ ಕುಳಿತು, ಕಣ್ಣು ಹೊಳೆಯಿಸುತ್ತಾ ವಿವರಿಸುತ್ತಾನೆ. ಆಮೇಲೆ ಒಂದು ದಿನ ಅವನೇ ಕಾಣೆಯಾಗುತ್ತಾನೆ. ಅಂದ ಹಾಗೆ, ಅದೇ ಸಚಿವಾಲಯದಲ್ಲಿ ಕಾದಂಬರಿಗಳನ್ನು ಯಂತ್ರಗಳೇ ಬರೆಯುತ್ತವೆ. ಆ ಯಂತ್ರಗಳನ್ನು ನೋಡಿಕೊಳ್ಳುವವಳು ಕಥೆಯ ನಾಯಕಿ ಜೂಲಿಯಾ. ಪುಸ್ತಕ ಬಂದದ್ದು 1949ರಲ್ಲಿ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ಇದೆಲ್ಲ ಅತಿಶಯೋಕ್ತಿ ಎನ್ನುವವರಿಗೆ ಎರಡು ನಿಜ ಸಂಗತಿಗಳನ್ನು ಹೇಳುತ್ತೇನೆ. ಸ್ಟಾಲಿನ್‌ನ ರಹಸ್ಯ ಪೊಲೀಸ್ ದಳದ ಮುಖ್ಯಸ್ಥನಾಗಿದ್ದ ನಿಕೊಲಾಯ್ ಯೆಝೋವ್‌ನನ್ನು 1940ರಲ್ಲಿ ಅದೇ ಸರಕಾರ ಗುಂಡಿಕ್ಕಿ ಕೊಂದಿತು. ಕಾಲುವೆಯೊಂದರ ದಂಡೆಯಲ್ಲಿ ಅವನು ಸ್ಟಾಲಿನ್ ಪಕ್ಕ ನಿಂತಿದ್ದ ಫೋಟೊ ಒಂದಿತ್ತು. ನಂತರ ಬಂದ ಪ್ರತಿಯಲ್ಲಿ ಅವನ ಜಾಗದಲ್ಲಿ ಬರೀ ನೀರು. ಫೋಟೊಶಾಪ್ ಇಲ್ಲದ ಕಾಲದಲ್ಲಿ ಯಾರೋ ಒಬ್ಬ ನುರಿತ ಕಲಾವಿದ ಕುಂಚ ಹಿಡಿದು ಮಾಡಿದ ಕೆಲಸ ಅದು. ಎರಡನೆಯದು 1953ರ ನಂತರದ್ದು. ಆ ಹುದ್ದೆಗೆ ಯೆಝೋವ್‌ನ ನಂತರ ಬಂದ ಬೆರಿಯಾ ಕೂಡ ಅಧಿಕಾರ ಕಳೆದುಕೊಂಡಾಗ, ಸೋವಿಯತ್ ವಿಶ್ವಕೋಶದ ಚಂದಾದಾರರಿಗೆಲ್ಲ ಒಂದು ಲಕೋಟೆ ಹೋಯಿತು. ಬೆರಿಯಾನ ಪುಟಗಳನ್ನು ಕತ್ತರಿಸಿ ತೆಗೆದು, ಜೊತೆಗೆ ಕಳಿಸಿರುವ ಹೊಸ ಪುಟಗಳನ್ನು ಅಲ್ಲಿ ಅಂಟಿಸಿ ಎಂದು. ಹೊಸ ಪುಟಗಳಲ್ಲಿ ಬೇರಿಂಗ್ ಸಮುದ್ರದ ವಿವರಗಳಿದ್ದವು. ಆ ಪುಟಗಳನ್ನು ಬರೆದವರು, ಅಚ್ಚು ಮಾಡಿದವರು, ಲಕೋಟೆಗೆ ಹಾಕಿದವರು, ಕತ್ತರಿ ಹಿಡಿದು ಕತ್ತರಿಸಿದ ಲೈಬ್ರರಿಯನ್‌ಗಳು, ಇವರೆಲ್ಲ ವಿನ್‌ಸ್ಟನ್‌ನ ಸಹೋದ್ಯೋಗಿಗಳೇ.

ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ 1953ರಲ್ಲಿ ಬಂತು. ಅದರಲ್ಲಿ ಅಗ್ನಿಶಾಮಕ ದಳದವರು ಬೆಂಕಿ ಆರಿಸುವುದಿಲ್ಲ, ಪುಸ್ತಕಗಳಿಗೆ ಬೆಂಕಿ ಹಚ್ಚುತ್ತಾರೆ. 1933ರ ಮೇ 10ರಂದು ಬರ್ಲಿನ್‌ನಲ್ಲಿ ನಾಝಿಗಳು ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದು ಓದುಗರಿಗೆ ನೆನಪಾಗದೆ ಇರದು. ಅಂದು ಬೆಂಕಿಯ ಸುತ್ತ ನಿಂತವರಲ್ಲಿ ವಿದ್ಯಾರ್ಥಿ ಸಂಘಟನೆಗಳವರೇ ಮುಂದೆ ಇದ್ದರು, ಅಂದರೆ ನಮಗಿಂತ ಸ್ವಲ್ಪ ದೊಡ್ಡವರು. ಆದರೆ ಬ್ರಾಡ್‌ಬರಿ ಹೇಳುವುದು ಇನ್ನೂ ಕಹಿಯಾದ ಮಾತು. ದಳದ ಕ್ಯಾಪ್ಟನ್ ಬೀಟಿ ನಾಯಕನಿಗೆ ವಿವರಿಸುತ್ತಾನೆ: ಇದು ಮೇಲಿನಿಂದ ಬಂದ ಆಜ್ಞೆಯಿಂದ ಶುರುವಾದದ್ದಲ್ಲ. ಜನರೇ ಓದುವುದನ್ನು ಬಿಟ್ಟರು. ದಪ್ಪ ಪುಸ್ತಕ ಸಾರಾಂಶವಾಯಿತು, ಸಾರಾಂಶ ನಾಲ್ಕು ಸಾಲಾಯಿತು. ಪ್ರತಿಯೊಂದು ಗುಂಪಿನವರೂ ತಮಗೆ ನೋವಾಗುವ ಪುಸ್ತಕ ಬೇಡ ಎಂದರು. ಸರಕಾರ ಕೊನೆಗೆ ಬಂದು ಬೆಂಕಿಕಡ್ಡಿ ಗೀರಿತು, ಅಷ್ಟೇ. ಗೈಡ್ ಪುಸ್ತಕದ ನಾಲ್ಕು ಸಾಲಿನ ಸಾರಾಂಶ ಓದಿ ಪರೀಕ್ಷೆಗೆ ಹೋಗುವ ನಮಗೆ ಈ ಮಾತು ಸ್ವಲ್ಪ ಚುಚ್ಚಬೇಕು.

ಈ ಪುಸ್ತಕಕ್ಕೇ ಆದ ಗತಿಯನ್ನು ಕೇಳಿ. 1960ರ ದಶಕದಲ್ಲಿ ಅಮೆರಿಕದ ಶಾಲೆಗಳಿಗಾಗಿ ಪ್ರಕಾಶಕರು ಒಂದು ಆವೃತ್ತಿ ತಂದರು. ಅದರಲ್ಲಿ ಸುಮಾರು 75 ಕಡೆ ಮಾತುಗಳನ್ನು ಸದ್ದಿಲ್ಲದೆ ಕತ್ತರಿಸಿದ್ದರು, ಬದಲಾಯಿಸಿದ್ದರು. ಪುಸ್ತಕ ಸುಡುವುದರ ವಿರುದ್ಧ ಬರೆದ ಪುಸ್ತಕಕ್ಕೇ ಕತ್ತರಿ! ವರ್ಷಗಟ್ಟಲೆ ಲೇಖಕರಿಗೇ ಇದು ಗೊತ್ತಿರಲಿಲ್ಲ. ಕೊನೆಗೆ ಅವರಿಗೆ ಪತ್ರ ಬರೆದು ತಿಳಿಸಿದವರು ವಿದ್ಯಾರ್ಥಿಗಳು. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವಷ್ಟು ತಾಳ್ಮೆ ಇದ್ದ ಹುಡುಗ ಹುಡುಗಿಯರು ಎಂದು ನಾನು ಊಹಿಸಿಕೊಳ್ಳುತ್ತೇನೆ.

ಈಗ ‘ದಿ ಕ್ಯೂ’. ಇದನ್ನು ನಮ್ಮಲ್ಲಿ ಓದಿದವರು ಕಡಿಮೆ. ಅರಬಿಯಲ್ಲಿ ‘ಅತ್ತಾಬೂರ್’ ಎಂಬ ಹೆಸರಿನಲ್ಲಿ 2013ರಲ್ಲಿ ಬಂತು, 2016ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಲೇಖಕಿ ಬಸ್ಮಾ ಅಬ್ದುಲ್ ಅಝೀಝ್ ಕೈರೋದ ಮನೋವೈದ್ಯೆ. ಚಿತ್ರಹಿಂಸೆಗೆ ಒಳಗಾದವರ ಚಿಕಿತ್ಸೆಯಲ್ಲಿ ದುಡಿದವರು. ಹೆಸರಿಲ್ಲದ ಒಂದು ನಗರ. ಜನರ ಪ್ರತಿಭಟನೆಯೊಂದನ್ನು ಹತ್ತಿಕ್ಕಿದ ಮೇಲೆ ಅಲ್ಲಿ ಎಲ್ಲ ಅಧಿಕಾರವೂ ‘ದ್ವಾರ’ ಎಂಬ ಒಂದು ಕಟ್ಟಡಕ್ಕೆ ಸೇರಿದೆ. ಯಾವುದೇ ಕೆಲಸಕ್ಕೂ ಅಲ್ಲಿಂದ ಚೀಟಿ ಬೇಕು. ಆದರೆ ದ್ವಾರ ಮುಚ್ಚಿದೆ. ಇಂದು ತೆರೆದೀತು, ನಾಳೆ ತೆರೆದೀತು ಎಂದು ಜನ ಅದರ ಮುಂದೆ ಸಾಲು ನಿಂತಿದ್ದಾರೆ. ಸಾಲು ಉದ್ದವಾಗುತ್ತಾ ಹೋಗುತ್ತದೆ. ಅಲ್ಲೇ ಚಹಾ ಮಾರಾಟ ಶುರುವಾಗುತ್ತದೆ, ಅಲ್ಲೇ ಜಗಳ, ಅಲ್ಲೇ ಗೆಳೆತನ, ಅಲ್ಲೇ ನಮಾಝ್. ಯಾರೂ ಸಾಲು ಬಿಟ್ಟು ಹೋಗುವುದಿಲ್ಲ. ನಿಮಗೆ ನಗು ಬರುತ್ತದೆ, ಆಮೇಲೆ ಆ ನಗುವಿನ ಬಗ್ಗೆಯೇ ಕಸಿವಿಸಿಯಾಗುತ್ತದೆ.

ಆ ಸಾಲಿನಲ್ಲಿ ನಿಂತವನು ಯಹ್ಯಾ. ಪ್ರತಿಭಟನೆಯ ದಿನ ಅವನ ಹೊಟ್ಟೆಯ ಭಾಗಕ್ಕೆ ಗುಂಡು ತಗಲಿದೆ, ಅದಿನ್ನೂ ಒಳಗೇ ಇದೆ. ಆದರೆ ಅಧಿಕೃತವಾಗಿ ಅಂದು ಗುಂಡೇ ಹಾರಿಲ್ಲ. ಹಾರದ ಗುಂಡು ದೇಹದೊಳಗೆ ಇರುವುದಾದರೂ ಹೇಗೆ? ಗುಂಡು ಹೊರತೆಗೆಯಬೇಕಾದರೆ ದ್ವಾರದ ಅನುಮತಿ ಬೇಕೆಂದು ನಿಯಮ ಬಂದಿದೆ. ಡಾಕ್ಟರ್ ತಾರಿಕ್‌ಗೆ ಆಪರೇಷನ್ ಮಾಡಲು ಗೊತ್ತು. ಉಪಕರಣಗಳಿವೆ. ರೋಗಿ ದಿನದಿಂದ ದಿನಕ್ಕೆ ಕುಸಿಯುತ್ತಿದ್ದಾನೆ. ತಾರಿಕ್ ಕೆಟ್ಟವನಲ್ಲ, ಲಂಚ ಕೇಳುವವನಲ್ಲ, ಕ್ರೂರಿಯಲ್ಲ. ಅವನು ನಿಯಮ ಪಾಲಿಸುವವನು. ರಾತ್ರಿ ಒಬ್ಬನೇ ಕುಳಿತು ಯಹ್ಯಾನ ಫೈಲನ್ನು ಮತ್ತೆ ಮತ್ತೆ ತೆರೆಯುತ್ತಾನೆ, ಓದುತ್ತಾನೆ, ಮುಚ್ಚಿಡುತ್ತಾನೆ. ಕಾದಂಬರಿಯ ಭಯವೆಲ್ಲ ಇರುವುದು ಆ ಮೇಜಿನ ಮೇಲೆ. ಬಿಗ್ ಬ್ರದರ್‌ನ ಚಿತ್ರಕ್ಕಿಂತ ತಾರಿಕ್‌ನ ಮೇಜಿನ ಆ ಫೈಲ್ ನನ್ನನ್ನು ಹೆಚ್ಚು ಹೆದರಿಸಿತು. ನಮ್ಮ ತರಗತಿಯಲ್ಲಿ ಅರ್ಧದಷ್ಟು ಮಂದಿ ಡಾಕ್ಟರ್ ಆಗಬೇಕೆಂದೇ ಓದುತ್ತಿದ್ದೇವೆ. ಆ ಮೇಜಿನ ಹಿಂದೆ ಕುಳಿತರೆ ನಾವೇನು ಮಾಡುತ್ತೇವೆ ಎಂದು ಯಾವ ಎಂಟ್ರೆನ್ಸ್ ಪರೀಕ್ಷೆಯೂ ಕೇಳುವುದಿಲ್ಲ.

ಈ ಕಾದಂಬರಿಯಲ್ಲಿ ದೊಡ್ಡ ಧರ್ಮಗುರುವೊಬ್ಬರೂ ಬರುತ್ತಾರೆ. ದ್ವಾರಕ್ಕೆ ಏನು ಬೇಕೋ ಅದಕ್ಕೆ ಹೊಂದುವ ಫತ್ವಾ ಅವರಿಂದ ಬರುತ್ತದೆ. ಮುಸ್ಲಿಮ್ ಸಮಾಜದ ಲೇಖಕಿಯೊಬ್ಬರು ಇದನ್ನು ಮುಚ್ಚಿಡದೆ ಬರೆದಿರುವುದು ನನಗೆ ಮೆಚ್ಚುಗೆಯಾಯಿತು. ನಾವೂ ಮುಚ್ಚಿಡದೆ ಮಾತನಾಡೋಣ. ಧರ್ಮದ ಹೆಸರು ಹೇಳಿಕೊಂಡ ಮಾತ್ರಕ್ಕೆ ಸರ್ವಾಧಿಕಾರ ಬೇರೇನೋ ಆಗಿಬಿಡುವುದಿಲ್ಲ. ಕೆನಡಾದ ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಬೈಬಲಿನ ಹೆಸರಿನಲ್ಲಿ ಆಳುವ ಒಂದು ದೇಶದ ಕಥೆ. ಅಲ್ಲಿ ಹೆಂಗಸರು ಓದುವಂತಿಲ್ಲ, ಬೈಬಲನ್ನು ಕೂಡ ಬೀಗ ಹಾಕಿ ಇಡುತ್ತಾರೆ. ಮನುಷ್ಯರು ಇತಿಹಾಸದಲ್ಲಿ ಎಲ್ಲಾದರೂ ನಿಜವಾಗಿ ಮಾಡಿರದ ಯಾವುದನ್ನೂ ಕಥೆಗೆ ಸೇರಿಸುವುದಿಲ್ಲ ಎಂದು ಅಟ್‌ವುಡ್ ನಿಯಮ ಹಾಕಿಕೊಂಡಿದ್ದರಂತೆ. ಒಂದು ದಿನ ಅಂಗಡಿಯಲ್ಲಿ ನಾಯಕಿಯ ಕಾರ್ಡ್ ಕೆಲಸ ಮಾಡುವುದಿಲ್ಲ. ಅದೇ ದಿನ ಅವಳು ಕೆಲಸ ಮಾಡುವ ಲೈಬ್ರರಿಯ ನಿರ್ದೇಶಕರು ಬಂದು, ಎಲ್ಲ ಹೆಂಗಸರೂ ಈಗಲೇ ಹೊರಡಬೇಕು, ಕಾನೂನು ಬದಲಾಗಿದೆ ಎನ್ನುತ್ತಾರೆ. ಅವರಿಗೂ ಸಂಕಟವಾಗಿದೆ. ಆದರೂ ಹೇಳಿದ್ದನ್ನು ಮಾಡುತ್ತಾರೆ.

ಅಫ್ಘಾನಿಸ್ತಾನದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪ್ರೌಢಶಾಲೆಗಳು ಹುಡುಗರಿಗೆ ಮಾತ್ರ ತೆರೆದವು. 2022ರ ಮಾರ್ಚ್ 23ರಂದು ಹುಡುಗಿಯರೂ ಬರಬಹುದೆಂದು ಹೇಳಿ, ಬ್ಯಾಗ್ ಹೊತ್ತು ಬಂದವರನ್ನು ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಹೆಣ್ಣುಮಕ್ಕಳಿಗೆ ಮುಚ್ಚಿತು. ಬೆಳಿಗ್ಗೆ ಬಂದು ಆ ಗೇಟಿಗೆ ಬೀಗ ಹಾಕುವವನೊಬ್ಬ ಇದ್ದಾನಲ್ಲ, ಅವನಿಗೂ ಮನೆಯಲ್ಲಿ ಹೆಣ್ಣುಮಕ್ಕಳಿರಬಹುದು. ನಮ್ಮ ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಬೆಂಚುಗಳಲ್ಲಿ ಕುಳಿತಿರುವುದು ಹುಡುಗಿಯರು. ಹಾಗಿರುವಾಗ ಇದನ್ನು ನಾವು ‘ಅವರ ಆಂತರಿಕ ವಿಷಯ’ ಎಂದು ಬಿಟ್ಟುಬಿಡಬಾರದು.

ಇಲ್ಲಿ ಸಹಪಾಠಿಗಳು ಕೇಳುವ ಒಂದು ಪ್ರಶ್ನೆಗೆ ಬರುತ್ತೇನೆ. ಒಬ್ಬ ಗುಮಾಸ್ತ ಇಲ್ಲ ಎಂದರೆ ಏನಾಗುತ್ತದೆ? ನಾಳೆ ಅವನ ಕುರ್ಚಿಯಲ್ಲಿ ಇನ್ನೊಬ್ಬ ಕೂರುತ್ತಾನೆ, ಇವನ ಮಕ್ಕಳು ಉಪವಾಸ ಬೀಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಇದನ್ನು ಹೇಳಿದವರನ್ನು ಹೇಡಿ ಎನ್ನಲು ನಾನು ತಯಾರಿಲ್ಲ. ಕಾದಂಬರಿಗಳೂ ಸುಳ್ಳು ಭರವಸೆ ಕೊಡುವುದಿಲ್ಲ. ಡಿ-503ರ ತಲೆಯಿಂದ ಕಲ್ಪನಾಶಕ್ತಿಯನ್ನೇ ಆಪರೇಷನ್ ಮಾಡಿ ತೆಗೆಯುತ್ತಾರೆ. ವಿನ್‌ಸ್ಟನ್ ಸೋಲುತ್ತಾನೆ. ಆದರೆ ಇನ್ನೊಂದು ಲೆಕ್ಕವೂ ಇದೆ. ಕಮ್ಯುನಿಸ್ಟ್ ಪೂರ್ವ ಜರ್ಮನಿಯ ರಹಸ್ಯ ಪೊಲೀಸ್ ‘ಸ್ಟಾಸಿ’ಯಲ್ಲಿ 1989ರಲ್ಲಿ ಸುಮಾರು 91 ಸಾವಿರ ಪೂರ್ಣಾವಧಿ ನೌಕರರಿದ್ದರು. ದೇಶದ ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. ಇದಲ್ಲದೆ ನೆರೆಮನೆಯವರ, ಸಹೋದ್ಯೋಗಿಗಳ ಸುದ್ದಿ ಕೊಡುವ ಗುಪ್ತ ಮಾಹಿತಿದಾರರು ಒಂದೂವರೆ ಲಕ್ಷಕ್ಕಿಂತ ಹೆಚ್ಚು. 1992ರಲ್ಲಿ ಜನರಿಗೆ ತಮ್ಮ ಫೈಲ್‌ಗಳನ್ನು ನೋಡಲು ಅವಕಾಶ ಸಿಕ್ಕಿದಾಗ, ಸ್ನೇಹಿತರೆಂದು ನಂಬಿದವರ ವರದಿಗಳು ಅವುಗಳಲ್ಲಿದ್ದವು. ಇಷ್ಟು ಚಿಕ್ಕ ದೇಶವನ್ನು ಹಿಡಿದಿಡಲು ಇಷ್ಟು ಕೈಗಳು ಬೇಕಾದವು ಎಂದರೆ, ಸರ್ವಾಧಿಕಾರ ಹೊರಗಿನಿಂದ ಕಾಣುವಷ್ಟು ಬಲಶಾಲಿಯಲ್ಲ ಎಂದೂ ಅರ್ಥ. ಅದು ಪ್ರತಿದಿನ ಬೆಳಿಗ್ಗೆ ಲಕ್ಷಾಂತರ ಜನ ಡ್ಯೂಟಿಗೆ ಬರುವುದನ್ನು ನಂಬಿಕೊಂಡಿದೆ.

ನಮ್ಮ ದೇಶದಲ್ಲೂ ಒಂದು ಉದಾಹರಣೆಯಿದೆ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ, ಆರ್ವೆಲ್ ಹುಟ್ಟಿದ ದಿನಾಂಕದಂದೇ. ಅದನ್ನು ಆರ್ವೆಲ್‌ನ ಲೋಕಕ್ಕೆ ಸಮ ಎಂದರೆ ತಪ್ಪಾಗುತ್ತದೆ, 21 ತಿಂಗಳಲ್ಲಿ ಅದು ಚುನಾವಣೆಯಿಂದಲೇ ಕೊನೆಗೊಂಡಿತು. ಆದರೂ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ವಿಚಾರಣೆಯಿಲ್ಲದೆ ಸಾವಿರಾರು ಜನ ಜೈಲಿನಲ್ಲಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಕಾರಣವಿಲ್ಲದೆ ಬಂಧಿಸಿದರೆ ಕೋರ್ಟಿಗೆ ಹೋಗುವ ಹಕ್ಕಾದರೂ ಉಂಟೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಬಂತು. 1976ರ ಏಪ್ರಿಲ್ 28ರಂದು ನಾಲ್ವರು ಇಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಉಂಟು ಎಂದು ಬರೆದರು. ಮುಂದಿನ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಸರದಿ ಅವರದಾಗಿತ್ತು. ಅವರನ್ನು ಬಿಟ್ಟು ಕಿರಿಯರಿಗೆ ಕೊಟ್ಟರು, ಅವರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಅಂದಿನ ಮಟ್ಟಿಗೆ ಸೋತರು ಎಂದೇ ಹೇಳಬೇಕು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನಲ್ಲಿ 1976ರ ಬಹುಮತದ ತೀರ್ಪು ತಪ್ಪು, ಖನ್ನಾ ಬರೆದದ್ದೇ ಸರಿ ಎಂದು ಘೋಷಿಸಲಾಯಿತು. ಹಾಗೆ ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅವರ ತಂದೆ ವೈ.ವಿ. ಚಂದ್ರಚೂಡ್ 1976ರ ಆ ನಾಲ್ವರಲ್ಲಿ ಒಬ್ಬರಾಗಿದ್ದರು.

ಇಂಥ ಕಾದಂಬರಿಗಳನ್ನು ಓದುವಾಗ ನನಗೊಂದು ದೂರೂ ಇದೆ. ಈಗ ಎಲ್ಲ ಪಕ್ಷದವರೂ ಆರ್ವೆಲ್ ಹೆಸರು ಹೇಳಿ ಎದುರು ಪಕ್ಷದವರನ್ನು ಬಯ್ಯುತ್ತಾರೆ. ಹಾಗೆ ಬಯ್ಯಲು ಪುಸ್ತಕ ಓದಬೇಕಾಗಿಲ್ಲ. ಓದಿದರೆ ಕಷ್ಟ ಶುರುವಾಗುತ್ತದೆ, ಏಕೆಂದರೆ ನಮ್ಮ ಕಡೆಯವರ ಮುಖವೂ ಅದರಲ್ಲಿ ಕಾಣುತ್ತದೆ. ವಿನ್‌ಸ್ಟನ್‌ನ ನೆರೆಯವನಾದ ಪಾರ್ಸನ್ಸ್ ಎಂಬವನನ್ನು ಅವನ ಪುಟ್ಟ ಮಗಳೇ ಪೊಲೀಸರಿಗೆ ಹಿಡಿದುಕೊಡುತ್ತಾಳೆ. ಅವನು ಜೈಲಿನಲ್ಲಿ ಕುಳಿತು, ಮಗಳನ್ನು ಎಷ್ಟು ಚೆನ್ನಾಗಿ ಬೆಳೆಸಿದೆ ಎಂದು ಹೆಮ್ಮೆಪಡುತ್ತಾನೆ. ವಾಟ್ಸಾಪ್ ಗುಂಪುಗಳಲ್ಲಿ ನಮ್ಮವರೇ ಕಳಿಸಿದ ಸುಳ್ಳು ಸುದ್ದಿಯನ್ನು ಮುಂದಕ್ಕೆ ತಳ್ಳುವಾಗ ನಾವು ಪಾರ್ಸನ್ಸ್‌ಗೆ ಎಷ್ಟು ಹತ್ತಿರ ಇದ್ದೇವೆ ಎಂದು ನೋಡಿಕೊಳ್ಳಬಹುದು.

ಉಪನ್ಯಾಸಕರಲ್ಲಿ ಒಂದು ವಿನಂತಿ. ಎನ್ನೆಸ್ಸೆಸ್ ಶಿಬಿರಕ್ಕೆ, ಕ್ರೀಡಾಕೂಟಕ್ಕೆ ಸಮಯ ಹೊಂದಿಸುವಂತೆ ತಿಂಗಳಿಗೊಂದು ಶನಿವಾರ ಒಂದು ಗಂಟೆ ಪುಸ್ತಕ ಚರ್ಚೆಗೆ ಕೊಡಿ. ವಿಜ್ಞಾನ ವಿಭಾಗದವರಿಗೆ ಇದು ಬೇಡ ಎನ್ನಬೇಡಿ, ಮೇಲೆ ಹೇಳಿದ ಇಂಜಿನಿಯರ್, ಡಾಕ್ಟರ್ ಇಬ್ಬರೂ ವಿಜ್ಞಾನ ವಿಭಾಗದವರೇ. ಗ್ರಂಥಾಲಯಕ್ಕೆ ಪುಸ್ತಕ ತರಿಸುವುದಾದರೆ ಮೊದಲು ‘ದಿ ಕ್ಯೂ’ ತರಿಸಿ. ಆರ್ವೆಲ್ ಇಂಗ್ಲಿಷ್ ಸರಳವಾದರೂ ‘1984’ ಸ್ವಲ್ಪ ದಪ್ಪ, ಅದಕ್ಕೆ ಮೊದಲು ಅವರದೇ ‘ಅನಿಮಲ್ ಫಾರ್ಮ್’ ಓದಬಹುದು. ಅದನ್ನು ಎರಡು ರಾತ್ರಿಯಲ್ಲಿ ಮುಗಿಸಬಹುದು. ‘ದಿ ಕ್ಯೂ’ಗೆ ಇನ್ನೂರು ಪುಟದ ಮೇಲೆ ಸ್ವಲ್ಪವಿದೆ, ಮಧ್ಯಾವಧಿ ರಜೆಗೆ ಸರಿಹೋಗುತ್ತದೆ.